ಇಪ್ಪತ್ತೊಂದು ಕಮಾನು

ಹಸೀನಾಬಿಯ ಬಲಗೈಯ ಹೆಬ್ಬೆರಳನ್ನು ಗೌಸಬಿ ಮೂರನೆಯ ಸಲ ಉಜ್ಜಿದಳು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿಗೂ ಬಣ್ಣ ಜಗ್ಗಲಿಲ್ಲ, ಸೋಪಿಗೂ ಜಗ್ಗಲಿಲ್ಲ. ಉಗುರಿನ ಸುತ್ತ, ಬೆರಳಿನ ಗೆರೆಗಳ ಒಳಗೆಲ್ಲ ಅದು ಕೂತಿತ್ತು. ನೀಲಿ ಅಂದರೆ ನೀಲಿ, ಹಸಿರು ಅಂದರೆ ಹಸಿರು.

“ಏನವಾ ಶಗುಫ್ತಾ, ನಿಮ್ಮತ್ತಿ ಈ ವಯಸ್ಸಿನಾಗ ಬಣ್ಣ ಕುದಸ್ತಿದ್ಲೇನು?”

ಶಗುಫ್ತಾ ಅತ್ತೆಯ ತಲೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಉತ್ತರ ಕೊಡುವ ಮೊದಲು ಬಾಗಿಲಿನ ಪರದೆಯ ಕಡೆ ನೋಡಿದಳು. ಪರದೆಯ ಆಚೆ ಮಹಾದೇವಕ್ಕ ಇದ್ದಳು. ಬಾಜು ಮನೆಯವಳು, ಎಪ್ಪತ್ತು ದಾಟಿದ ಲಿಂಗಾಯತರ ಹೆಣ್ಣುಮಗಳು. ಮೈ ತೊಳೆಯುವಲ್ಲಿ ಬರುವುದು ತನ್ನ ಪಾಲಿನ ಕೆಲಸವಲ್ಲವೆಂದು ತಾನೇ ಹೊಸ್ತಿಲಾಚೆ ಉಳಿದು, ಒಲೆಯ ಮೇಲಿನ ನೀರನ್ನು ಕೊಡಕ್ಕೆ ತುಂಬಿ ಪರದೆಯಡಿಯಿಂದ ಒಳಗೆ ಸರಿಸುತ್ತಿದ್ದಳು.

“ಒಂದು ಕೆಲಸ ಇತ್ರಿ,” ಎಂದಳು ಶಗುಫ್ತಾ. “ಎಂಟು ತಿಂಗಳಿಂದ ಹಿಡದಿದ್ರು.”

“ಯಾರ ಕೆಲಸ?”

ಪರದೆಯ ಆಚೆಯಿಂದ ಮಹಾದೇವಕ್ಕನೇ ಹೇಳಿದಳು: “ಬಿಡ ಗೌಸಬಿ. ಅದು ತೊಳದ್ರ ಹೋಗೂ ಬಣ್ಣ ಅಲ್ಲ. ಅಕಿ ರೊಟ್ಟಿ ಬಡದ್ರ ರೊಟ್ಟಿಗೂ ಹತ್ತತಿತ್ತು. ನಾ ತಿಂದೇನಿ.”

ಗೌಸಬಿ ಊರಿನ ಮುಸ್ಲಿಂ ಹೆಂಗಸರಿಗೆಲ್ಲ ಕಡೆಯ ಸ್ನಾನ ಮಾಡಿಸಿದವಳು. ಮೈಗೆ ನೀರು ತಾಗದಂತೆ ಏನಾದರೂ ಅಡ್ಡ ಉಳಿದರೆ ಸ್ನಾನ ಮುಟ್ಟುವುದಿಲ್ಲ ಎಂಬ ವಿಚಾರದಲ್ಲಿ ಬಲು ಕಟ್ಟುನಿಟ್ಟು. ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಉಗುರಿನಿಂದ ಗೀರಿ ನೋಡಿದಳು, ಇನ್ನೊಂದು ತಂಬಿಗೆ ನೀರು ಹನಿಸಿದಳು.

“ಮ್ಯಾಲ ಕುಂತಿಲ್ಲಿದು, ಒಳಗ ಇಳದೈತಿ. ನೀರ ತಡಿಯಂಗಿಲ್ಲ,” ಎಂದು ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. “ಇರ್ಲಿ. ಹಸೀನಾಬಿ ಅಲ್ಲಿಗೆ ಹೋದ್ರ, ನೀ ಏನ್ ಕೆಲಸ ಮಾಡ್ತಿದ್ದಿ ಅಂತ ಯಾರೂ ಕೇಳೂದ ಬೇಕಾಗಂಗಿಲ್ಲ.”

ಶಗುಫ್ತಾ ಬೆಳಗಿನಿಂದ ಅತ್ತಿರಲಿಲ್ಲ. ಆಗ ಅತ್ತಳು. ಗೌಸಬಿ ತಡೆಯಲಿಲ್ಲ, ಕರ್ಪೂರದ ಪುಡಿಯನ್ನು ನೀರಿಗೆ ಹಾಕಿ ಕಲಸುತ್ತ, ಬಿಳಿ ಬಟ್ಟೆಯ ಐದು ತುಂಡುಗಳನ್ನು ಒಂದೊಂದಾಗಿ ಎಣಿಸಿ ಹಾಸತೊಡಗಿದಳು.

*

ಓಣಿಯಲ್ಲಿ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ನವಲಗುಂದದ ಗುಡ್ಡದ ಬುಡದ ಆ ಓಣಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಜಮಖಾನೆಯ ಮಗ್ಗವಿತ್ತು. ಈಗ ಉಳಿದವು ನಾಲ್ಕೋ ಐದೋ. ಹಸೀನಾಬಿಯದು ಅದರಲ್ಲೊಂದು. ನಿನ್ನೆ ಸಂಜೆ ಮಹಾದೇವಕ್ಕನ ಮಾಳಿಗೆಯಿಂದ ಇಳಿದು ಬಂದವಳು ಎದೆ ಬಿಗಿದಂತಾಗುತ್ತದೆ ಎಂದು ಮಲಗಿದಳು. ಬೆಳಗಿನ ಬಾಂಗು ಕೂಗುವ ಹೊತ್ತಿಗೆ ಇರಲಿಲ್ಲ. ಎಪ್ಪತ್ತೊಂದು ವರ್ಷ. ಮಗ ಯುನೂಸ್ ಬಸ್ಸಿನ ಡ್ರೈವರ್. ಬಾಗಲಕೋಟೆಯಿಂದ ಬಂದವನು ಇನ್ನೂ ಖಾಕಿ ಅಂಗಿಯಲ್ಲೇ ಇದ್ದ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಎಂದು ಎಲ್ಲರಿಗೂ ಹೇಳಿ ಆಗಿತ್ತು.

ಸರ್ಫರಾಜ್ ಬಂದಾಗ ಎಲ್ಲರೂ ತಿರುಗಿ ನೋಡಿದರು. ಅವನು ಹಸೀನಾಬಿಯ ತಮ್ಮನ ಮಗ. ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ. ಏಳು ವರ್ಷದಿಂದ ಓಣಿಯ ಮಸೂತಿ ಕಮಿಟಿಯ ಅಧ್ಯಕ್ಷ. ಚಿಕ್ಕವನಿದ್ದಾಗ ತಾಯಿಗೆ ದೀರ್ಘ ಕಾಯಿಲೆಯಾಗಿ ನಾಲ್ಕು ವರ್ಷ ಇದೇ ಮನೆಯಲ್ಲಿ, ಫುಪ್ಪು ಎಂದು ಕರೆಯುವ ಇದೇ ಸೋದರತ್ತೆಯ ಮಗ್ಗದ ಪಕ್ಕ ಮಲಗಿ ಬೆಳೆದವನು. ಅಂಥವನು ಹತ್ತಿರ ಹತ್ತಿರ ಎರಡು ವರ್ಷ ಈ ಹೊಸ್ತಿಲು ತುಳಿದಿರಲಿಲ್ಲ. ಹಬ್ಬದ ಸುರಕುಂಬಾ ಪಾಯಸ ಮಗನ ಕೈಲಿ ಕಳಿಸುತ್ತಿದ್ದ. ಏನೋ ಜಗಳವಾಗಿದೆ ಎಂದುಕೊಂಡಿದ್ದರು ಓಣಿಯವರು. ಆದರೆ ಏನು ಜಗಳವೆಂದು ಯಾರಿಗೂ ತಿಳಿದಿರಲಿಲ್ಲ.

ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದ ಇಮಾಮುದ್ದೀನ ಮುಲ್ಲಾ ತಲೆ ಎತ್ತಿದರು. ಎಂಬತ್ತೆಂಟು ವರ್ಷದ ಮುದುಕರು. ಹಿಂದೆ ಇದೇ ಮಸೂತಿಯಲ್ಲಿ ಮೂವತ್ತು ವರ್ಷ ನಮಾಜು ಮಾಡಿಸಿದವರು. ಮಗಳ ಊರು ಮೊರಬದಿಂದ ರಿಕ್ಷಾ ಮಾಡಿಕೊಂಡು ಬಂದಿದ್ದರು.

“ಸರ್ಫರಾಜಾ, ಬಾ ಇಲ್ಲೆ. ನಿಮ್ಮ ಫುಪ್ಪು ನೇಯ್ದು ಕೊಟ್ಟ ಜಮಖಾನಿ ಎಲ್ಲೈತೆಪಾ? ಮಸೂತಿ ಒಳಗ ಇಣಿಕಿ ನೋಡಿ ಬಂದೆ. ಹಸರ ಗಾಲೀಚ ಐತಿ, ಅದಿಲ್ಲ.”

“ಒಳಗ ಇಟ್ಟೇವ್ರಿ.”

“ಒಳಗಂದ್ರ?”

ಅಷ್ಟರಲ್ಲಿ ಯುನೂಸ್ ಎದ್ದು ನಿಂತ. “ಡೋಲಿ ತರಬೇಕು. ಮಸೂತಿ ಹಿಂದಿನ ಖೋಲಿ ಕೀಲಿ ಯಾರ ಕಡೆ ಐತಿ?”

ಹೆಣ ಹೊರುವ ಡೋಲಿ ಇಡುವ ಆ ಖೋಲಿಯ ಕೀಲಿ ಸರ್ಫರಾಜನ ಕಿಸೆಯಲ್ಲಿತ್ತು. ಕೈ ತಾನಾಗಿಯೇ ಕಿಸೆಯ ಮೇಲೆ ಹೋಯಿತು. “ನೀ ಇಲ್ಲೇ ಇರು ಯುನೂಸ್. ಜನಾ ಬರಾಕತ್ತಾರ. ನಾ ಹೋಗಿ ತರ್ತೇನಿ.”

“ನಮ್ಮವ್ವನ ಡೋಲಿ,” ಎಂದ ಯುನೂಸ್. “ನಾನೂ ಬರ್ತೇನಿ. ಹೋಗೂಣು ನಡಿ.”

ಇಬ್ಬರೂ ನಡೆದರು. ಯುನೂಸ್ ಏನನ್ನೂ ಗಮನಿಸಲಿಲ್ಲ. ಸರ್ಫರಾಜ್ ಮಾತ್ರ ಒಂದೆರಡು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದ. ಆ ಖೋಲಿಯಲ್ಲಿ, ಡೋಲಿಯ ಹಿಂದೆ, ಗೋಡೆಗೆ ಒತ್ತಿ ಅವನೇ ಅಡಗಿಸಿಟ್ಟದ್ದು ಒಂದಿತ್ತು.

*

ಮೂವತ್ತಮೂರು ವರ್ಷದ ಹಿಂದೆ ಇಮಾಮುದ್ದೀನ ಮುಲ್ಲಾ ಹಸೀನಾಬಿಯ ಬಾಗಿಲಿಗೆ ಬಂದು ನಿಂತಿದ್ದರು. ಮಸೂತಿಯ ಈಚಲ ಚಾಪೆಗಳು ಹರಿದು ಮೊಳಕಾಲಿಗೆ ಚುಚ್ಚುತ್ತಿದ್ದವು. ಒಂದು ಸಾಲಿಗೆ ಆಗುವಷ್ಟು ಉದ್ದದ ಜಮಖಾನೆ ಬೇಕು, ಇಪ್ಪತ್ತೊಂದು ಮಂದಿ ನಿಲ್ಲಬೇಕು, ಒಬ್ಬೊಬ್ಬರು ನಿಲ್ಲುವ ಜಾಗಕ್ಕೆ ಒಂದೊಂದು ಕಮಾನು ನೇಯಬೇಕು ಎಂದರು. ಹಸೀನಾಬಿಗೆ ಆಗ ಮೂವತ್ತೆಂಟು. ಹತ್ತಿ ಜಿನ್ನಿನಲ್ಲಿ ಹಮಾಲನಾಗಿದ್ದ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು.

“ನವಿಲು ಹಾಕ್ಲೇನ್ರಿ?” ಎಂದು ಅವಳು ಕೇಳಿದಳು. ಊರಿನ ಹೆಸರಲ್ಲೇ ನವಿಲಿದೆ. ಊರಿನ ಯಾವ ಜಮಖಾನೆ ನೋಡಿದರೂ ಒಂದು ಜೋಡಿ ನವಿಲಾದರೂ ಇರುತ್ತದೆ.

“ಬ್ಯಾಡವಾ. ನಮಾಜ ಮಾಡವ್ರ ಮುಂದ ಜೀವ ಇದ್ದದ್ದರ ಚಿತ್ರ ಬರಬಾರ್ದು. ಸಾದಾ ಮಾಡು.”

ಒಂದು ತಿಂಗಳು ಬಿಟ್ಟು ಮುಲ್ಲಾ ಇಬ್ಬರು ಹಿರಿಯರನ್ನು ಕರೆದುಕೊಂಡು ನೋಡಲು ಬಂದರು. ಮೊದಲ ಕಮಾನಿನ ಒಳಗೆ ಜೋಳದ ತೆನೆಯಿತ್ತು. ಎರಡನೆಯದರಲ್ಲಿ ಒಡೆದ ಹತ್ತಿಕಾಯಿ. ಮೂರನೆಯದರಲ್ಲಿ ಕುಸುಬಿಯ ಹೂವು ಅರ್ಧ ಎದ್ದಿತ್ತು, ಬೆಂಕಿಯ ಬಣ್ಣದ್ದು. ಹಿರಿಯರಲ್ಲೊಬ್ಬರು ಮುಖ ಗಂಟಿಕ್ಕಿದರು.

“ಹಣಿ ಊರೂ ಜಾಗಾ. ಕಣ್ಣ ಮುಚ್ಚಿರತೇವಿ. ಅಲ್ಲಿ ಇದೆಲ್ಲಾ ಯಾರ ನೋಡಾಕ ಬೇಕು?”

ಹಸೀನಾಬಿ ಸೆರಗು ಸರಿಮಾಡಿಕೊಂಡಳು. ಎಳೆಗಳನ್ನು ಬಡಿಯುವ ಕಬ್ಬಿಣದ ಪಂಜವನ್ನು ತೊಡೆಯ ಮೇಲಿಟ್ಟಳು. “ಹೊಲದಾಗ ಕುಸುಬಿ ಹೂವು ಅರಳತೈತಲ್ರಿ ಕಾಕಾ. ಯಾರರೆ ನೋಡ್ಲಿ ಬಿಡ್ಲಿ, ನೋಡವ್ರಿಲ್ಲಂತ ಅಲ್ಲಾ ಅದಕ್ಕ ಬಣ್ಣ ಕಡಿಮಿ ಹಾಕ್ಯಾನೇನ್ರಿ? ಅಂವ ಕಡಿಮಿ ಹಾಕದಿದ್ದಾಗ ನಾ ಯಾಕ ಕಡಿಮಿ ಹಾಕ್ಲಿ?”

ಮುಲ್ಲಾ ಬಗ್ಗಿ ಅಂಚನ್ನು ನೋಡುತ್ತಿದ್ದರು. ನೀಲಿಯೂ ಹಸಿರೂ ಒಂದರೊಳಗೊಂದು ಕರಗಿದ ಬಣ್ಣ. ಆ ಅಂಚು ಅವರು ಎಲ್ಲೂ ನೋಡಿರಲಿಲ್ಲ.

“ಇದೇನವಾ ಇದು?”

“ನವಿಲು ಬ್ಯಾಡ ಅಂದ್ರಿ,” ಎಂದಳು ಹಸೀನಾಬಿ. “ನವಿಲಿನ ಬಣ್ಣ ಬ್ಯಾಡ ಅಂದಿಲ್ಲಲ್ರಿ.”

ಮುಲ್ಲಾ ಗಡ್ಡ ಅಲುಗುವ ಹಾಗೆ ನಕ್ಕರು.

ಹನ್ನೊಂದು ತಿಂಗಳು ಹಿಡಿಯಿತು. ನೆಟ್ಟಗೆ ನಿಲ್ಲಿಸಿದ ಮಗ್ಗ. ಕಮಾನುಗಳು ಅದರ ಮೇಲೆ ಅಡ್ಡ ಮಲಗಿಯೇ ಹುಟ್ಟುತ್ತಿದ್ದವು. ಒಂದು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಹಿಂದಿನದು ಕೆಳಗಿನ ದಿಂಡಿಗೆ ಸುತ್ತಿಕೊಂಡು ಮರೆಯಾಗುತ್ತಿತ್ತು. ಎರಡು ಮೂರಕ್ಕಿಂತ ಹೆಚ್ಚು ಕಮಾನನ್ನು ಅವಳು ಒಟ್ಟಿಗೆ ನೋಡಲಿಲ್ಲ. ಮುಗಿದ ದಿನ ಅದನ್ನು ಸುರುಳಿ ಸುತ್ತಿ ನಾಲ್ವರು ಹೊತ್ತುಕೊಂಡು ಹೋದರು. ಆ ಓಣಿಯ ಹೆಂಗಸರಿಗೆ ಮಸೂತಿಯೊಳಗೆ ಹೋಗುವ ರೂಢಿಯಿರಲಿಲ್ಲ. ಅವಳು ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಬಂದು ಖಾಲಿ ಮಗ್ಗದ ಕಸ ಗುಡಿಸಿದಳು.

ನಮಾಜಿನಿಂದ ಬಂದ ಹದಿಮೂರು ವರ್ಷದ ಸರ್ಫರಾಜನನ್ನು ಅವಳು ಕೇಳಿದ ಮೊದಲ ಮಾತು, “ಎಲ್ಲಾ ನೆಟ್ಟಗ ನಿಂತಾವೇನಪಾ?” ಎಂದು.

“ಎಲ್ಲಾ ಎದ್ದು ನಿಂತಾವ ಫುಪ್ಪು. ನನಗ ಮೆಣಸಿನಕಾಯಿ ಸಿಕ್ತು.”

ಅಂದಿನಿಂದ ಪ್ರತಿ ಶುಕ್ರವಾರ ಅದೊಂದು ಮಾತು ಮನೆಯಲ್ಲಿ ಉಳಿಯಿತು. ಇವತ್ತು ಯಾವುದು ಸಿಕ್ಕಿತು? ಕಡಲೆ ಗಿಡ. ಇವತ್ತು? ಹತ್ತಿ. ಸರ್ಫರಾಜ್ ದೊಡ್ಡವನಾದ, ಅಂಗಡಿ ಹಾಕಿದ, ಮದುವೆಯಾದ. ಆಗಲೂ ಶುಕ್ರವಾರದ ಮಧ್ಯಾಹ್ನ ಇತ್ತ ಹಾಯ್ದು, ಚಹಾ ಕುಡಿದು, “ಇವತ್ತ ಕುಸುಬಿ ಫುಪ್ಪು,” ಎಂದು ಹೇಳಿ ಹೋಗುತ್ತಿದ್ದ. ಆರು ವರ್ಷದ ಹಿಂದೆ ಯಾರೋ ಮಸೂತಿಗೆ ಮೆತ್ತನೆಯ ಗಾಲೀಚ ಕೊಟ್ಟರು. ವಯಸ್ಸಾದವರ ಮೊಳಕಾಲಿಗೆ ಅದೇ ಒಳ್ಳೆಯದೆಂದು ಸರ್ಫರಾಜನೇ ಹಾಸಿಸಿದ. ಹಸೀನಾಬಿಗೆ ತಾನೇ ಬಂದು ಹೇಳಿದ. “ಹೌದು, ಮುದುಕರಿಗೆ ಬೇಕಾಗ್ತೈತಿ,” ಎಂದಳು. ಅಷ್ಟೇ ಅಂದಳು. ಆಮೇಲೆ ಶುಕ್ರವಾರದ ಪ್ರಶ್ನೆ ನಿಂತಿತು, ಚಹಾ ನಿಲ್ಲಲಿಲ್ಲ.

ಚಹಾ ನಿಂತದ್ದು ಎರಡು ವರ್ಷದ ಹಿಂದೆ, ಮಸೂತಿಗೆ ಸುಣ್ಣ ಬಣ್ಣ ಮಾಡಿಸಿದಾಗ. ಬಿತ್ತನೆಯ ದಿನ, ಅಂಗಡಿ ತುಂಬ ಜನ. ಪೇಂಟಿನವನು ಫೋನು ಮಾಡಿ, ನೆಲಕ್ಕೆ ಹಾಸಲು ಏನಾದರೂ ಹಳೆಯದು ಇದೆಯೇ ಎಂದು ಕೇಳಿದ. “ಮೂಲ್ಯಾಗ ಹಳೇ ಜಮಖಾನಿ ಐತಿ ನೋಡು, ಹಾಸ್ಕೋ,” ಎಂದು ಸರ್ಫರಾಜ್ ಫೋನಿಟ್ಟ. ಏನು ಹೇಳಿದೆ ಎಂಬುದು ಅವನಿಗೆ ತಿಳಿದದ್ದು ಮೂರನೆಯ ದಿನ, ಮಸೂತಿಯೊಳಗೆ ಕಾಲಿಟ್ಟಾಗ. ಕುಸುಬಿಯ ಮೇಲೆ ಸುಣ್ಣದ ಬಕೀಟು ಇತ್ತು. ಕಿಟಕಿಗಳಿಗೆ ಹಚ್ಚಿದ ಹಸಿರು ಆಯಿಲ್ ಪೇಂಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಿಡಿದಿತ್ತು. ಎಲ್ಲರೂ ಹೋದ ಮೇಲೆ ಅವನೊಬ್ಬನೇ ಅದನ್ನು ಸುತ್ತಿ, ಎಳೆದು, ಡೋಲಿಯ ಖೋಲಿಗೆ ಹಾಕಿ ಕೀಲಿ ಹಾಕಿದ. ಮುಂದಿನ ಶುಕ್ರವಾರ ಅತ್ತೆಯ ಓಣಿಯ ತಿರುವಿನವರೆಗೆ ಬಂದು ವಾಪಸು ಹೋದ.

*

ಕೀಲಿ ತಿರುಗಿತು. ಬಾಗಿಲು ತೆರೆದ ಕೂಡಲೆ ಸರ್ಫರಾಜ್ ಮುಂದೆ ನುಗ್ಗಿ ಡೋಲಿಯ ಹಿಂದೆ ನೋಡಿದ. ಗೋಡೆ ಬರಿದಾಗಿತ್ತು. ಖೋಲಿಯ ಮೂಲೆ ಮೂಲೆ ನೋಡಿದ. ಮುರಿದ ಫ್ಯಾನು, ಎರಡು ಖಾಲಿ ಡಬ್ಬ. ಜಮಖಾನೆ ಇರಲಿಲ್ಲ.

“ಏನ ಹುಡುಕಾಕತ್ತಿ?” ಎಂದ ಯುನೂಸ್.

ಬಾಂಗು ಕೊಡುವ ಹಾರೂನ್ ಬಾಗಿಲಲ್ಲಿ ಬಂದು ನಿಂತಿದ್ದ. ಮಸೂತಿಯ ಕಸ, ನೀರು, ಕೀಲಿ ಎಲ್ಲ ಅವನದೇ. ಇನ್ನೊಂದು ಕೀಲಿ ಅವನ ಹತ್ತಿರ ಇರುತ್ತಿತ್ತು. ಅವನು ನೆಲ ನೋಡುತ್ತ ಹೇಳಿದ: “ಅದು ಇಲ್ಲಿಲ್ರಿ ಸರ್ಫರಾಜ್ ಭಾಯಿ. ಹಸೀನಾ ಅಮ್ಮಾ ತರಿಸ್ಕೊಂಡಾರ. ಎಂಟು ತಿಂಗಳಾತು. ಸೈಕಲ್ ಮ್ಯಾಲ ನಾನ ಒಯ್ದು ಕೊಟ್ಟೇನಿ.”

“ನೀ ಹೇಳಿದೇನು ಅಕಿಗೆ?” ಎಂದ ಸರ್ಫರಾಜ್.

“ಹೇಳಿದ್ನಿರಿ. ಒಂದು ಜನಾಜಾಕ್ಕ ಡೋಲಿ ತಗಿಯಾಕ ಬಂದಾಗ ನೋಡಿದೆ. ಹೊಟ್ಟ್ಯಾಗ ಇಟ್ಕೊಳ್ಳಾಕ ಆಗಲಿಲ್ಲ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು.”

ಯುನೂಸ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ವಾರದಲ್ಲಿ ನಾಲ್ಕು ದಿನ ಅವನು ಬಸ್ಸಿನ ಮೇಲೇ ಇರುವವನು. ಅವನಿಗೆ ಯಾವುದೂ ತಿಳಿದಿರಲಿಲ್ಲ. ಸರ್ಫರಾಜ್ ಡೋಲಿಯ ಕಟ್ಟಿಗೆ ಹಿಡಿದುಕೊಂಡೇ ಎಲ್ಲ ಹೇಳಿದ. ಬಿತ್ತನೆಯ ದಿನ, ಫೋನು, ಆಯಿಲ್ ಪೇಂಟು.

“ಹಾಳ ಮಾಡಿದಂವ ನಾನ ಯುನೂಸ್. ಮಾರಿ ತೋರಸಾಕ ಆಗಲಿಲ್ಲ ನನಗ.”

ಯುನೂಸ್ ಬಗ್ಗಿ ಡೋಲಿಯ ಒಂದು ತುದಿ ಎತ್ತಿದ.

“ಆ ಕಡಿ ಹಿಡಿ,” ಎಂದ. “ಹೊತ್ತಾಗೈತಿ.”

*

ಡೋಲಿಯನ್ನು ಅಂಗಳದಲ್ಲಿ ಇಳಿಸಿ ಸರ್ಫರಾಜ್ ಬಾಜು ಮನೆಯ ಕಟ್ಟೆಗೆ ಹೋದ. ಹಸೀನಾಬಿಯ ಸ್ನಾನ ಮುಗಿದಿತ್ತು; ಮಹಾದೇವಕ್ಕ ತನ್ನ ಸೀರೆಯ ಒದ್ದೆ ನೆರಿಗೆ ಹಿಂಡುತ್ತ ಅಲ್ಲಿ ಕೂತಿದ್ದಳು. ಅವನನ್ನು ನೋಡಿ ಅವಳು ಎದ್ದೇಳಲಿಲ್ಲ.

“ಬಂದೇನಪಾ,” ಎಂದಳು. “ಎರಡು ವರ್ಷ ಬೇಕಾತು, ನಾಕು ಮನಿ ದಾಟಾಕ.”

“ದೊಡ್ಡವ್ವ, ಅದು ಎಲ್ಲೈತಿ?”

ಮಹಾದೇವಕ್ಕ ಅವನ ಮುಖ ನೋಡಿದಳು. ಬೈಯಲು ಎಂಟು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಮಾತುಗಳು ಅವಳಲ್ಲಿದ್ದವು. “ಬಾ,” ಎಂದು ಮೊಳಕಾಲು ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದಳು.

ಮಾಳಿಗೆಯ ಮೇಲೆ ಜೋಳದ ಚೀಲ ಇಡುವ ಸಣ್ಣ ಖೋಲಿ. ಅದರೊಳಗೆ ಹಳೆಯ ಸೀರೆಯಲ್ಲಿ ಸುತ್ತಿ, ಎರಡು ಹಲಗೆಗಳ ಮೇಲೆ ಜಮಖಾನೆ ಇಟ್ಟಿತ್ತು. ಸರ್ಫರಾಜ್ ಸೀರೆ ಸರಿಸಿ ಒಂದು ಮಾರು ಬಿಚ್ಚಿದ. ಜೋಳದ ತೆನೆ ಬಂತು, ಹತ್ತಿಕಾಯಿ ಬಂತು, ಕುಸುಬಿ ಬಂತು. ಇನ್ನೂ ಬಿಚ್ಚಿದ. ಕಲೆಯನ್ನು ಹುಡುಕಿದ. ಸಿಗಲಿಲ್ಲ. ಬಟ್ಟೆಯನ್ನು ಹಿಂದೆ ಮಗುಚಿದ, ಬೆರಳಾಡಿಸಿದ.

“ಇಲ್ಲೆ ಇತ್ತಲ್ಲ,” ಎಂದ. “ಇಲ್ಲೆ ಬಕೀಟು ಇತ್ತು.”

“ಇತ್ತು,” ಎಂದಳು ಮಹಾದೇವಕ್ಕ.

*

ಹಾರೂನ್ ಸೈಕಲ್ಲಿನ ಮೇಲೆ ತಂದು ಹಾಕಿದ ದಿನ ಇದೇ ಮಾಳಿಗೆಯ ಮೇಲೆ ಅದನ್ನು ಬಿಚ್ಚಿದ್ದರು. ಮಾಳಿಗೆ ಸಣ್ಣದು, ಒಂದು ಸಲಕ್ಕೆ ಐದಾರು ಕಮಾನು ಅಷ್ಟೇ ಹಿಡಿಯುತ್ತಿತ್ತು. ಒಂದೊಂದು ತುಂಡು ಬಿಚ್ಚಿದಾಗಲೂ ಹಸೀನಾಬಿ ಕಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಹಾದೇವಕ್ಕನಿಗೆ ತಡೆಯಲಾಗಲಿಲ್ಲ.

“ಕರಿ ಅವನ್ನ! ಈಗಿಂದೀಗ ಕರದು ಕೇಳು. ಮಗನಂಗ ಸಾಕಿದ್ದಕ್ಕ ಇದೇನು?”

“ಕೇಳಿದ್ರ ಏನಾಕ್ಕೈತೆಕ್ಕಾ? ಅವನ ಮಾರಿ ಸಣ್ಣದಾಕ್ಕೈತಿ. ಅದನ್ನ ನಾ ನೋಡಬೇಕಾಕ್ಕೈತಿ.” ಹಸೀನಾಬಿ ಕಣ್ಣು ಒರೆಸಿಕೊಂಡಳು. ಆದರೆ ಅವಳ ಮುಖದಲ್ಲಿ ಇನ್ನೊಂದು ಏನೋ ಇತ್ತು. ಮಹಾದೇವಕ್ಕನಿಗೆ ಅದು ಸಮಾಧಾನದ ಹಾಗೆ ಕಂಡಿತು. “ಅಂವ ಯಾಕ ಬರೂದು ಬಿಟ್ಟಾನ ಅಂತ ಒಂದು ವರ್ಷ ತಲಿ ಕೆಡಸ್ಕೊಂಡೇನಿ. ನಾ ಏನರೆ ತಪ್ಪು ಮಾತಾಡಿದ್ನೇನು, ಅವನ ಹೇಣ್ತಿಗೇನರೆ ಅಂದ್ನೇನು ಅಂತ. ಇದಕ್ಕ ಬಿಟ್ಟಾನಂತ ಈಗ ಗೊತ್ತಾತು. ಇದು ಕೈಲೆ ಸರಿ ಮಾಡೂವಂಥಾದ್ದು ಐತೆಕ್ಕಾ. ಮಾಡಿ ಅದ ಖೋಲ್ಯಾಗ ಸುಮ್ನ ಇಟ್ಟಬಿಡೂಣು. ಅಂವ ಒಂದಿನಾ ನೋಡತಾನ. ನೋಡಿದ್ರ ಬರತಾನ.”

ಸುಣ್ಣ ಹುಣಸೆ ನೀರಿಗೆ ಹೋಯಿತು. ಆಯಿಲ್ ಪೇಂಟು ಹೋಗಲಿಲ್ಲ. ಪೇಂಟು ಹತ್ತಿದ ಅಡ್ಡ ಎಳೆಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಡಿಸಿ ತೆಗೆದು, ಆ ಜಾಗಕ್ಕೆ ಹೊಸ ಎಳೆ ಹೊಕ್ಕಿಸಬೇಕಿತ್ತು. ಮೂವತ್ತು ವರ್ಷದ ಹಳೆಯ ಬಣ್ಣಕ್ಕೆ ಹೊಂದುವ ನೂಲು ಎಲ್ಲೂ ಸಿಗುವಂತಿರಲಿಲ್ಲ. ಹಸೀನಾಬಿಯೇ ಬಣ್ಣ ಕುದಿಸಿದಳು. ಕುದಿಸಿದ ನೂಲನ್ನು ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಎರಡೆರಡು ತಿಂಗಳು ಬಿಸಿಲಿಗೆ ಬಿಟ್ಟಳು.

“ಹುಚ್ಚಿ, ಹೊಸಾದನ್ನ ಹಳೇದು ಮಾಡಾಕತ್ತಿಯಲ್ಲಬೇ,” ಎಂದು ಮಹಾದೇವಕ್ಕ ನಗುತ್ತಿದ್ದಳು.

“ಹಳೇದ್ರ ಬಾಜು ಹೊಸಾ ಬಣ್ಣ ಕುಂತ್ರ ಒದರತೈತೆಕ್ಕಾ. ಬಿಸಲಾಗ ಇದ್ದ ಇದ್ದ ಮೆತ್ತಗ ಮಾತಾಡೂದು ಕಲೀಲಿ.”

ಬೆಳಿಗ್ಗೆ ಮಹಾದೇವಕ್ಕ ಲಿಂಗಪೂಜೆ ಮುಗಿಸಿ ಮಾಳಿಗೆಗೆ ಬಂದರೆ ಹಸೀನಾಬಿ ಆಗಲೇ ನಡುವಿನ ಸಣ್ಣ ಗೋಡೆ ದಾಟಿ ಬಂದು ಕೂತಿರುತ್ತಿದ್ದಳು. ಬಣ್ಣದ ಹೊಂದಿಕೆ ಮಹಾದೇವಕ್ಕನ ಕಣ್ಣಿಗೆ ಬಿಟ್ಟದ್ದು. ಎಳೆಯನ್ನು ಬಟ್ಟೆಯ ಮೇಲಿಟ್ಟು ದೂರ ಸರಿದು, “ಕಾಣ್ತೈತಿ, ತಗಿ,” ಎಂದರೆ ಹಸೀನಾಬಿ ತೆಗೆಯುತ್ತಿದ್ದಳು; “ಇಲ್ಲ, ಕಾಣವಲ್ತು,” ಎಂದರೆ ಹೊಕ್ಕಿಸುತ್ತಿದ್ದಳು. ಒಂದು ಕಮಾನಿಗೆ ಹನ್ನೆರಡು ದಿನ ಹಿಡಿದದ್ದೂ ಉಂಟು. ಬೆನ್ನು ನೋವು, ಕಣ್ಣು ನೋವು. ಶಗುಫ್ತಾ ಮಾಡುತ್ತೇನೆಂದರೂ ಬಿಡಲಿಲ್ಲ. ಸೊಸೆ ಕಲಿಯಲಿ ಎಂದು ಪಕ್ಕ ಕೂರಿಸಿಕೊಂಡಳು. ಸೂಜಿ ಮಾತ್ರ ಕೊಡಲಿಲ್ಲ.

“ಹತ್ತೊಂಬತ್ತು ಮುಗಿದಾವ,” ಎಂದಳು ಮಹಾದೇವಕ್ಕ ಸರ್ಫರಾಜನಿಗೆ. “ನಿನ್ನೆ ಸಂಜೀ ಮುಂದ ಕುಸುಬಿ ಬಾಜುದ ಅಂಚಿಗೆ ಕಡೀ ಎಳಿ ಹಾಕಿ ಎದ್ಲು. 'ಇನ್ನ ಎರಡು ರಂಜಾನದೊಳಗ ಮುಗಸ್ತೇನಿ, ಅಂವ ಹಬ್ಬದ ದಿನಾ ಬರತಾನ' ಅಂತಿದ್ಲು.”

ಸರ್ಫರಾಜ್ ಚೀಲಗಳಿಗೆ ಒರಗಿ ಕುಳಿತುಬಿಟ್ಟ. ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡ. ಮಹಾದೇವಕ್ಕ ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು.

“ಅಳು,” ಎಂದಳು. “ಅತ್ತು ಏಳು. ಅಕಿ ಸಿಟ್ಟ ಮಾಡ್ಕೊಂಡ ಹೋಗಿಲ್ಲ.”

*

“ಜನಾಜಾ ನಮಾಜಕ್ಕ ಹಾಸೂದು ಬೇಕಾಗಂಗಿಲ್ಲ,” ಎಂದರು ಇಮಾಮುದ್ದೀನ ಮುಲ್ಲಾ. “ಬಗ್ಗೂದಿಲ್ಲ, ಹಣಿ ಊರೂದಿಲ್ಲ. ನಿಂತ ಮಾಡೂದು. ಅಷ್ಟೂ ಗೊತ್ತಿಲ್ಲೇನು ಅಧ್ಯಕ್ಷರಿಗೆ?”

“ಗೊತ್ತೈತ್ರಿ,” ಎಂದ ಸರ್ಫರಾಜ್. ಸುರುಳಿ ಅವನ ಹೆಗಲ ಮೇಲಿತ್ತು. ಹಿಂದಿನ ತುದಿಯನ್ನು ಯುನೂಸ್ ಹಿಡಿದಿದ್ದ. “ಬೇಕಂತಲ್ರಿ. ಹಾಸಬೇಕು ಅನಿಸೈತಿ.”

ಮುದುಕರು ಕೋಲು ಊರಿ ಎದ್ದರು. “ಹಾಸ ಮತ್ತ,” ಎಂದರು. “ಚಂದ ಕಾಣ್ತೈತಿ.”

ಮಸೂತಿಯ ಮುಂದಿನ ಬಯಲಂಗಳದಲ್ಲಿ ಡೋಲಿಯನ್ನು ಇಳಿಸಿದರು. ಅದರ ಹಿಂದೆ ಇಬ್ಬರೂ ಸುರುಳಿ ಬಿಚ್ಚುತ್ತ ಹೋದರು. ಅಂಗಳದ ಈ ಗೋಡೆಯಿಂದ ಆ ಗೋಡೆಯವರೆಗೂ ಜಮಖಾನೆ ಹರಡಿತು. ಮಹಾದೇವಕ್ಕನ ಮಾಳಿಗೆಯಿಂದ ಆ ಅಂಗಳ ಪೂರಾ ಕಾಣುತ್ತದೆ. ಓಣಿಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ಶಗುಫ್ತಾ ಅತ್ತೆಯ ಕೈಕೆಳಗೆ ಇಪ್ಪತ್ತು ವರ್ಷ ನೇಯ್ದವಳು. ಅವಳಿಗೂ ಇದನ್ನು ಪೂರಾ ನೋಡುವುದು ಮೊದಲ ಸಲ. ಇಪ್ಪತ್ತೊಂದು ಕಮಾನು ಒಟ್ಟಿಗೆ ಎದ್ದು ನಿಂತಿದ್ದವು. ಕರಿಮಣ್ಣಿನ ಒಂದು ಇಡೀ ವರ್ಷದ ಬೆಳೆ, ಮುಂಗಾರಿಯಿಂದ ಹಿಂಗಾರಿಯವರೆಗೆ, ಸಾಲಾಗಿ ನಿಂತು ಸುತ್ತ ನವಿಲಿನ ಬಣ್ಣ ಹೊದ್ದಿತ್ತು.

“ಯವ್ವಾ,” ಎಂದಳು ಯಾರೋ.

ಕೆಳಗೆ ಗಂಡಸರಿಗೆ ಕಾಲಿಡಲು ಮನಸ್ಸಾಗಲಿಲ್ಲ. ಚಪ್ಪಲಿ ಬಿಟ್ಟು ಅಂಚಿನಲ್ಲಿ ನಿಂತುಬಿಟ್ಟರು. ಇಮಾಮುದ್ದೀನ ಮುಲ್ಲಾ ಒಬ್ಬರೇ ಬರಿಗಾಲಲ್ಲಿ ಅದರ ಪಕ್ಕದಲ್ಲೇ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಪ್ರತಿ ಕಮಾನಿನ ಮುಂದೆ ಒಂದೊಂದು ಕ್ಷಣ ನಿಂತರು. ಜೋಳ, ಹತ್ತಿ, ಕುಸುಬಿ, ಹೆಸರು, ಗೋಧಿ. ಕಡೆಯ ಎರಡರ ಮುಂದೆ ನಿಂತು, ಹಸಿರು ಪೇಂಟಿನ ಕಲೆಗಳನ್ನು ಕೋಲಿನ ತುದಿಯಿಂದ ತೋರಿಸಿ, ಏನೆಂದು ಕೇಳುವವರಂತೆ ತಲೆ ಎತ್ತಿದರು. ಸರ್ಫರಾಜನ ಮುಖ ನೋಡಿ ಕೇಳಲಿಲ್ಲ.

“ನಿಲ್ರಿ, ನಿಲ್ರಿ. ಅಕಿ ಮಾಡಿದ್ದು ನಿಲ್ಲೂದಕ್ಕ,” ಎಂದರು.

ಸಾಲು ನಿಂತಿತು. ಯುನೂಸ್‌ಗೆ ಸಿಕ್ಕಿದ್ದು ಗೋಧಿ. ಇಪ್ಪತ್ತನೆಯದರಲ್ಲಿ, ಕಲೆಯ ಮೇಲೆ, ಸರ್ಫರಾಜ್ ನಿಂತ. ಹಿಂದಿನ ಸಾಲುಗಳು ಬರಿ ನೆಲದ ಮೇಲೆ ನಿಂತವು. ಗೇಟಿನಾಚೆ ಡಿಪೋದ ಡ್ರೈವರುಗಳು, ಕಂಡಕ್ಟರುಗಳು, ಮಹಾದೇವಕ್ಕನ ಮಗ ಸುಭಾಸ, ಟೋಪಿ ತೆಗೆದು ಕೈಕಟ್ಟಿದರು. ಮುಲ್ಲಾ ಮುಂದೆ ನಿಂತು ಕೈಗಳನ್ನು ಕಿವಿಯವರೆಗೆ ಎತ್ತಿದರು.

*

ಮಣ್ಣು ಕೊಟ್ಟು ಬಂದ ಮೇಲೆ, ಮಹಾದೇವಕ್ಕನ ಮನೆಯಿಂದ ರೊಟ್ಟಿ ಪಲ್ಯ ಬಂತು. ಯಾರೂ ಸರಿಯಾಗಿ ಉಣ್ಣಲಿಲ್ಲ. ಇನ್ನೂ ಬಿಸಿಲಿತ್ತು. ಸರ್ಫರಾಜ್ ಜಮಖಾನೆಯನ್ನು ಹೊತ್ತು ಮತ್ತೆ ಮಾಳಿಗೆ ಹತ್ತಿದ. ಕಡೆಯ ಎರಡು ಕಮಾನು ಮೇಲೆ ಬರುವಂತೆ ಬಿಚ್ಚಿದ. ಸಣ್ಣ ಗೋಡೆಯಾಚೆ ಶಗುಫ್ತಾ ಕಾಣಿಸಿದಳು.

“ಆ ಸೂಜಿ ಡಬ್ಬಿ ತಾರವಾ,” ಎಂದ.

“ಇವತ್ತ ಬ್ಯಾಡ್ರಿ ಭಾಯಿ. ಮೂರು ದಿನಾ ಆಗ್ಲಿ. ನಾ ಮಾಡ್ತೇನಿ.”

“ನೀ ತೋರಸು. ನಾ ಮಾಡ್ತೇನಿ. ಒಂದ ಎಳಿ.”

ಮೆಟ್ಟಿಲಲ್ಲಿ ಕೂತಿದ್ದ ಮಹಾದೇವಕ್ಕ ಹಣೆ ಬಡಿದುಕೊಂಡಳು. “ಈ ಓಣ್ಯಾಗ ಗಂಡಸು ಸೂಜಿ ಹಿಡದಿದ್ದು ನಾ ಕಂಡಿಲ್ಲಪಾ. ಗೊಬ್ಬರದ ಚೀಲಾ ಹೊಲಿಯೂದಲ್ಲ ಅದು.”

ಆದರೂ ಶಗುಫ್ತಾ ಗೋಡೆ ದಾಟಿ ಬಂದು ಎದುರಿಗೆ ಕೂತಳು. ಇಪ್ಪತ್ತನೆಯದು ಉಳ್ಳಾಗಡ್ಡಿಯ ಹೂವು; ದುಂಡಗೆ, ಬೆಳ್ಳಗೆ. ಅದರ ನಡುವೆ ಹಸಿರು ಕಲೆ ಹೆಪ್ಪುಗಟ್ಟಿತ್ತು. ಉದ್ದದ ಎಳೆಗೆ ಸೂಜಿ ತಾಗಿಸದೆ ಅಡ್ಡ ಎಳೆಯನ್ನು ಮಾತ್ರ ಹೇಗೆ ಎತ್ತಬೇಕೆಂದು ತೋರಿಸಿದಳು. ಸರ್ಫರಾಜ್ ಕನ್ನಡಕ ಮೇಲೇರಿಸಿ ಸೂಜಿ ಹಿಡಿದ.

“ಅದಲ್ರಿ. ಅದರ ಬಾಜುದು.”

“ಇದೇನು?”

“ಅದೂ ಅಲ್ರಿ. ಕೆಳಗ ನೋಡ್ರಿ, ಅಗದಿ ಸಣ್ಣದು.”

ಅವನಿಗೆ ಎಳೆ ಕಾಣಲಿಲ್ಲ. ಮೊಳಕಾಲು ಮಡಚಿ ಹತ್ತಿರ ಬಗ್ಗಿದ. ಇನ್ನಷ್ಟು ಬಗ್ಗಿದ. ಬೆನ್ನು ಬಾಗಿ, ಮೊಳಕೈ ನೆಲಕ್ಕೆ ಊರಿ, ಕಡೆಗೆ ಹಣೆ ಕಮಾನಿನ ಒಳಗೆ ಆ ಬಿಳಿ ಹೂವಿನ ಮೇಲೆ ತಾಗಿತು. ತಾಗಿದ್ದು ಎದ್ದೇಳಲಿಲ್ಲ.

ಶಗುಫ್ತಾ ಪೋಣಿಸಿಟ್ಟುಕೊಂಡಿದ್ದ ಎಳೆ ಗಾಳಿಗೆ ಹಾರದಂತೆ ಬೆರಳಿಗೆ ಸುತ್ತಿಕೊಂಡು ಕಾಯುತ್ತ ಕುಳಿತಳು.